ಗೌಸ್ ಸಾಬರ ಬೂದಿಕೋಣೆ

ಗೌಸ್ ಸಾಬರನ್ನು ಒಂದು ಮಾತಿಗೆ ಒಪ್ಪಿಸುವುದಕ್ಕಿಂತ ಅವರ ಇಟ್ಟಿಗೆಗೂಡನ್ನು ತಲೆಯ ಮೇಲೆ ಹೊತ್ತು ಬಂಗಾರಪೇಟೆ ಮುಟ್ಟುವುದು ಸುಲಭ. ಮಾಲೂರಿನ ಗೂಡುಗಳಲ್ಲಿ ನಲವತ್ತು ವರ್ಷ ಬೆಂಕಿ ನೋಡಿಕೊಂಡ ಮನುಷ್ಯ. ಬಲಗೈಯ ಎರಡು ಬೆರಳು ಸುಟ್ಟು ಮುರುಟಿದ್ದವು. ವಾದಕ್ಕಿಳಿದರೆ ಆ ಎರಡನ್ನೇ ಎತ್ತಿ ತೋರಿಸುತ್ತಿದ್ದರು.

ನಾನು ಅಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ತಾಲ್ಲೂಕು ಪ್ರದರ್ಶನಕ್ಕೆ ನನ್ನ ಹುಡುಗಿಯರು ಅಣುವಿದ್ಯುತ್ ಸ್ಥಾವರದ ಮಾದರಿ ಇಡುತ್ತೇವೆಂದರು. ಗೆದ್ದರೆ ಕೋಲಾರದ ಜಿಲ್ಲಾ ಪ್ರದರ್ಶನಕ್ಕೆ; ನಮ್ಮ ಶಾಲೆಯಿಂದ ಅದುವರೆಗೆ ಯಾರೂ ಹೋಗಿರಲಿಲ್ಲ. ಜೇಡಿಮಣ್ಣಿನಲ್ಲಿ ಮಾಡಿ ಸುಟ್ಟುಕೊಡಿ ಎಂದು ಪುಸ್ತಕದ ಚಿತ್ರ ಹಿಡಿದು ಸಾಬರ ಬಳಿ ಹೋದೆ. ಅಲ್ಲಿಗೆ ಶುರುವಾಯಿತು ನನ್ನ ಗ್ರಹಚಾರ.

ಮೊದಲ ಸಲ ರಿಯಾಕ್ಟರಿಗೆ ಸೌದೆ ತುಂಬುವ ಬಾಯಿ ಇಟ್ಟರು. ಎರಡನೆಯ ಸಲ ಬಾಯಿ ಮುಚ್ಚಿ, ನೆತ್ತಿಯ ಮೇಲೆ ಹೊಗೆಗೊಳವೆ ನಿಲ್ಲಿಸಿದರು.

"ಯುರೇನಿಯಂ ಉರಿಯೋದಿಲ್ಲ ಸಾಬ್ರೇ, ಅದರ ಪರಮಾಣು ಒಡೆಯುತ್ತೆ. ಒಡೆದಾಗ ಬಿಸಿ ಬರುತ್ತೆ, ಆ ಬಿಸಿಗೆ ನೀರು ಆವಿಯಾಗುತ್ತೆ, ಆವಿ ಟರ್ಬೈನ್ ತಿರುಗಿಸಿದ್ರೆ ಕರೆಂಟ್. ಹೊಗೆ ಎಲ್ಲಿದೆ ಇದರಲ್ಲಿ?"

"ಹೊಗೆ ಬ್ಯಾಡ, ಬಿಡಿ ಮೇಡಂ. ಬೂದಿ?"

"ಬೂದಿನೂ ಇಲ್ಲ."

"ಬಿಸಿ ಕೊಟ್ಟಿದ್ದು ಏನಾರಾ ಉಳಿಸ್ದೆ ಹೋಗ್ತದಾ? ಅದನ್ನ ಎಲ್ಲಿಕ್ತೀರಾ?"

ಹೇಳಿ ಹೇಳಿ ನನ್ನ ತಲೆ ಚಿಟ್ಟು ಹಿಡಿಯಿತು. ಮೂರನೆಯ ಸಲ ಹೊಗೆಗೊಳವೆ ಇರಲಿಲ್ಲ. ಬದಲಿಗೆ ರಿಯಾಕ್ಟರಿನ ಬೆನ್ನಿಗೆ ದಪ್ಪ ಗೋಡೆಯ ಕೋಣೆಯೊಂದು ಅಂಟಿಕೊಂಡಿತ್ತು. ಪ್ರದರ್ಶನ ಮರುದಿನವೇ.

"ಬೂದಿಕೋಣೆ," ಅಂದರು. "ಬೆಂಕಿ ಆರಿದ್ರೂ ಗೂಡು ಆರಲ್ಲ ಮೇಡಂ. ಆತುರ ಬಿದ್ದು ಬಾಗಿಲು ಕಿತ್ತೆ, ನೋಡಿ." ಎರಡು ಬೆರಳು ನನ್ನ ಮುಖದ ಮುಂದೆ ಬಂದವು. "ಇದಕ್ಕೆ ನೀರು ತುಂಬಿ ಮಡಗಿ."

"ಪುಸ್ತಕದಲ್ಲಿ ಇಲ್ಲದ್ದನ್ನ ಮಾಡಿ ಅಂತ ಯಾರು ಹೇಳಿದ್ರು ನಿಮಗೆ?" ಎಂದು ರೇಗಿ, ಅವರ ಎದುರಿಗೇ ಕೋಣೆಯನ್ನು ಸುತ್ತಿಗೆಯಿಂದ ಒಡೆದೆ. ಅವರು ಚೂರುಗಳನ್ನು ಆಯ್ದುಕೊಂಡರು.

ಪ್ರದರ್ಶನದಲ್ಲಿ ತೀರ್ಪುಗಾರರು ಹುಡುಗಿಯರನ್ನು ಕೇಳಿದ್ದು ಒಂದೇ ಪ್ರಶ್ನೆ: ಬಳಸಿ ಮುಗಿದ ಯುರೇನಿಯಂ ಆಮೇಲೂ ಬಿಸಿಯಾಗಿಯೇ ಇರುತ್ತದೆ, ಅದನ್ನು ಎಲ್ಲಿಡುತ್ತೀರಿ? ಹುಡುಗಿಯರು ನನ್ನ ಮುಖ ನೋಡಿದರು. ನೀರಿನ ತೊಟ್ಟಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆಂದು ನನಗೆ ಗೊತ್ತಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಹೇಳಿಕೊಟ್ಟಿರಲಿಲ್ಲ. ಕೋಲಾರಕ್ಕೆ ಬೇರೆ ಶಾಲೆ ಹೋಯಿತು.

ನಾಚಿಕೆಯಿಂದ ಎರಡು ತಿಂಗಳು ಗೂಡಿನ ದಾರಿ ತಪ್ಪಿಸಿ ಓಡಾಡಿದೆ. ಕೊನೆಗೆ ಹೋದಾಗ ಸಾಬರು ತೀರಿಕೊಂಡು ಒಂಬತ್ತು ದಿನವಾಗಿತ್ತು. ಅವರ ಹೆಂಡತಿ ಒಂದು ಬಟ್ಟೆಗಂಟು ತಂದು ನನ್ನ ಕೈಯಲ್ಲಿಟ್ಟರು. ಬಿಚ್ಚಿದರೆ ಅದೇ ಕೋಣೆ. ಚೂರುಗಳನ್ನೆಲ್ಲ ಜೋಡಿಸಿ ಸಿಮೆಂಟಿನಲ್ಲಿ ಅಂಟಿಸಿದ್ದರು. ಸತ್ತ ಮೇಲೂ ಮಾತು ಬಿಟ್ಟುಕೊಡದ ಮನುಷ್ಯ.

"ಮೇಡಂ ಬಂದೇ ಬರ್ತಾರೆ, ಕೊಡು ಅಂದಿದ್ರು," ಎಂದರು ಆಕೆ. "ನೀರು ತುಂಬಿ ನೋಡವ್ರೆ. ಸೋರಲ್ಲ."