ಜೇಡ ಕಚ್ಚಿದ ಕೈ, ಮುಟ್ಟಿ ನೋಡಿದ ಕೈ

ಕೊರೋನಾ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ. ನಾನು ಮುಳಬಾಗಿಲು ತಾಲ್ಲೂಕಿನ ಒಂದು ರೇಷ್ಮೆ ಬಿಚ್ಚಾಣಿಕೆ ಯೂನಿಟ್ಟಿನಲ್ಲಿದ್ದೆ. ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಬಿಚ್ಚಾಣಿಕೆ ಎಂದರೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದು. ಆವಿಯಾಡುವ ನೀರಿನ ಬೇಸಿನ್ನಿಗೆ ಬೆರಳಿಟ್ಟು, ಬೆಂದ ಗೂಡಿನ ಎಳೆ ಹುಡುಕಿ, ಏಳೆಂಟು ಎಳೆ ಒಟ್ಟು ಮಾಡಿ ಮೆಷಿನ್ನಿಗೆ ಕೊಡಬೇಕು. ಎಳೆ ಕಡಿದರೆ ಮತ್ತೆ ಬೆರಳು ನೀರಿಗೆ. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ.

ನಾನು ಓದಿದ್ದು ಮೂರನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದರೆ ನನ್ನ ಮೊಮ್ಮಗಳು ಲಿಖಿತ ಈ ವರ್ಷ ಮೂರನೇ ಕ್ಲಾಸಿಗೆ ಬಂದು ಓದಿನಲ್ಲಿ ನನ್ನ ಸಮಕ್ಕೆ ನಿಂತಿದ್ದಾಳೆ. ಬರುವ ವರ್ಷ ನನ್ನನ್ನು ದಾಟಿ ಹೋಗುತ್ತಾಳೆ. ಈ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಅದಕ್ಕೇ ಅವಳಿಗೆ ಐದು ವರ್ಷವಿದ್ದಾಗ ನಡೆದದ್ದನ್ನು ಬರೆಯಲು ಕೂತೆ.

ಅದೊಂದು ಶುಕ್ರವಾರ. ಬಾಯ್ಲರ್ ಕೆಟ್ಟು ಯೂನಿಟ್ ನಾಲ್ಕು ದಿನ ಮುಚ್ಚಿತ್ತು. ಮಗಳು ಮಂಜುಳ ನರಸಾಪುರದ ಕಡೆ ಕಂಪನಿ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಐದಕ್ಕೆ ಕಂಪನಿ ಬಸ್ಸು, ವಾಪಸ್ ಬರುವಾಗ ರಾತ್ರಿ ಏಳು. ಅಳಿಯ ಟೊಮೆಟೊ ಲೋಡು ತೆಗೆದುಕೊಂಡು ಚೆನ್ನೈಗೆ ಹೋಗಿದ್ದ. ಮಗು ನನ್ನ ಕೈಯಲ್ಲಿತ್ತು.

ನಮ್ಮ ಸೂರಿನ ಕೆಳಗೆ ಹಳೆಯ ಚಂದ್ರಿಕೆಗಳನ್ನು ಒರಗಿಸಿಟ್ಟಿದ್ದೆವು. ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ದೊಡ್ಡ ತಟ್ಟೆ ಅದು. ಎಂಟು ಗಂಟೆ ಹೊತ್ತಿಗೆ ಲಿಖಿತ ಅದರ ಸಂದಿಗೆ ಕೈ ತೂರಿಸಿ, ಉರುಳಿಹೋದ ಬಳೆ ಹುಡುಕುತ್ತಿದ್ದವಳು ಚೀರಿಕೊಂಡು ಓಡಿಬಂದಳು.

"ಅಜ್ಜಿ, ಏನೋ ಕಚ್ತು."

ಬಲಗೈ ಮಣಿಕಟ್ಟಿನ ಮೇಲೆ ಸಾಸಿವೆಯಷ್ಟು ಗುರುತು, ಸುತ್ತ ಸ್ವಲ್ಪ ಊತ.

ಯೂನಿಟ್ಟಿಗೆ ಹಿಂದೊಮ್ಮೆ ನರ್ಸ್ ಮೇಡಂ ಒಬ್ಬರು ಬಂದು ಫಸ್ಟ್ ಏಡ್ ಹೇಳಿಕೊಟ್ಟಿದ್ದರು. ಕಚ್ಚಿದ್ದು ಯಾವುದು ಎಂದು ಮೊದಲು ನೋಡಿ, ಊಹೆ ಮಾಡಬೇಡಿ, ಹಾವೋ ಚೇಳೋ ಎಂದು ಅನುಮಾನವಿದ್ದರೆ ಒಂದು ನಿಮಿಷವೂ ಮನೆಯಲ್ಲಿ ಕೂರಬೇಡಿ ಎಂದಿದ್ದರು. ನಾನು ಕೋಲಿನಿಂದ ಚಂದ್ರಿಕೆ ಒದರಿದೆ. ಕಂದುಬಣ್ಣದ ಜೇಡವೊಂದು ಬಿತ್ತು. ಕಾಲು ಸೇರಿಸಿದರೆ ಐದು ರೂಪಾಯಿ ನಾಣ್ಯದಷ್ಟು. ಲೋಟ ಬೋರಲು ಹಾಕಿ, ಅಡಿಗೆ ಮದುವೆ ಕಾರ್ಡು ತೂರಿಸಿ ಹಿಡಿದಿಟ್ಟೆ. ಉಳಿದ ಚಂದ್ರಿಕೆಗಳನ್ನೂ ಸರಿಸಿ ನೋಡಿದೆ, ಬೇರೆ ಏನೂ ಇರಲಿಲ್ಲ. "ಇದೇನಾ?" ಅಂದೆ. "ಇದೇ" ಅಂದಳು.

ಕಚ್ಚಿದ ಜಾಗವನ್ನು ಸೋಪು ಹಾಕಿ ತೊಳೆದೆ. ತಣ್ಣೀರು ಬಟ್ಟೆ ಸುತ್ತಿದೆ. ದಿಂಬಿನ ಮೇಲೆ ಕೈ ಎತ್ತರಕ್ಕೆ ಇಡಿಸಿದೆ. ರೆಪ್ಪೆ ಜೋಲುತ್ತದೆಯೇ, ವಾಂತಿ ಬರುತ್ತದೆಯೇ, ಉಸಿರು ಕಟ್ಟುತ್ತದೆಯೇ ಎಂದು ಪಕ್ಕದಲ್ಲೇ ಕೂತು ನೋಡಿದೆ. ಏನೂ ಆಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಮುನಿಯಮ್ಮ ಬಂದಳು. ಅವಳ ಬಾಯಲ್ಲಿ ಅರ್ಧ ತೆಲುಗು.

"ಸಾಲೆಪುರುಗು ಕಣೇ ಅದು. ಸುಣ್ಣ ಹಚ್ಚು, ಮೇಲೊಂದು ದಾರ ಬಿಗಿ. ನಮ್ಮತ್ತೆ ಕಾಲದಿಂದ ಜೇಡಕ್ಕೆ ಅದೇ ಮದ್ದು."

"ಸುಣ್ಣ ಚರ್ಮ ಸುಡುತ್ತೆ. ದಾರ ಬಿಗಿದ್ರೆ ರಕ್ತ ಓಡಲ್ಲ. ಬೇಡ ಬಿಡು."

"ಓಹೋ, ಡಾಕ್ಟ್ರಮ್ಮನೋರು. ಹಂಗಾದ್ರೆ ನನ್ ಮಂಡಿಗೂ ಒಂದು ಚೀಟಿ ಬರ್ಕೊಡಿ."

ಅವಳು ನಗುತ್ತಾ ಹೋದಳು. ನಾನು ಸರಿಯಾಗಿ ಮಾಡಿದೆನೆಂದು ಒಳಗೊಳಗೇ ಜಂಬಪಟ್ಟೆ. ಸರಿಯಾಗಿಯೇ ಮಾಡಿದ್ದೆ.

ಮೇಡಂ ಇನ್ನೊಂದು ಮಾತು ಹೇಳಿದ್ದರು. ಜೇಡದ ವಿಷಕ್ಕಿಂತ ಗಾಯದೊಳಗೆ ಸೇರುವ ಕೊಳೆಯ ಭಯವೇ ನಮ್ಮ ಕಡೆ ಹೆಚ್ಚು, ಕೀವಾದರೆ ಮೇಲಕ್ಕೆ ಏರುತ್ತದೆ. ನಮ್ಮಂಥ ಕಪ್ಪು ಮೈಗೆ ಕೆಂಪು ಏರಿದ್ದು ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿ ನೋಡಬೇಕು. ಇನ್ನೊಂದು ಕೈಗಿಂತ ಬಿಸಿಯಿದ್ದರೆ ತಕ್ಷಣ ಆಸ್ಪತ್ರೆಗೆ ಬನ್ನಿ. ಇದು ನನಗೆ ಚೆನ್ನಾಗಿ ನೆನಪಿತ್ತು.

ಶುಕ್ರವಾರ ರಾತ್ರಿ ಮಂಜುಳ ಬಂದು ತಾನೂ ಮುಟ್ಟಿ ನೋಡಿದಳು. ಬಿಸಿಯಿರಲಿಲ್ಲ. ಲೋಟದ ಜೇಡವನ್ನು ನೋಡಿ ಸಮಾಧಾನವಾಗಿ ಮಲಗಿದಳು. ಶನಿವಾರ ಐದಕ್ಕೆ ಹೋಗುವಾಗ ಮಗು ಮಲಗಿತ್ತು.

ಆ ದಿನ ಮಗು ಮಂಕಾಗಿತ್ತು. ಉಪ್ಪಿಟ್ಟು ಬೇಡ ಅಂದಳು, ಟಿವಿ ಬೇಡ ಅಂದಳು. ಊತ ಮುಂಗೈ ಕಡೆಗೆ ಬಂದಿತ್ತು. ಆದರೆ ಊತ ಎರಡು ದಿನ ಇರಬಹುದು ಎಂದೂ ಮೇಡಂ ಅವತ್ತು ಹೇಳಿದ್ದರು. ನಾನು ಗಂಟೆಗೊಂದು ಸಲ ಎರಡೂ ಕೈ ಮುಟ್ಟಿ ನೋಡಿದೆ. ಎರಡೂ ಒಂದೇ. ಮಧ್ಯಾಹ್ನ ಮಂಜುಳ ಊಟದ ಬಿಡುವಿನಲ್ಲಿ ಫೋನ್ ಮಾಡಿದಳು.

"ಬಿಸಿ ಏನಾದ್ರೂ ಇದೆಯೇನಮ್ಮಾ?"

"ಇಲ್ಲ ಕಣೇ. ಎರಡೂ ಕೈ ಒಂದೇ ಥರ ಇದೆ. ನೀನು ಕೆಲಸ ನೋಡ್ಕೊ."

ಮೂರು ಗಂಟೆಗೆ ಮುನಿಯಮ್ಮ ಮಗುವಿಗೆಂದು ನಿಪ್ಪಟ್ಟು ತಂದಳು. ಕೊಡಲೆಂದು ಅದರ ಊದಿದ ಕೈ ಹಿಡಿದವಳು ಹಾಗೇ ನಿಂತಳು. ಹಣೆ ಮುಟ್ಟಿದಳು. ಮತ್ತೆ ಕೈ ಮುಟ್ಟಿದಳು.

"ಏನೇ ಇದು, ಕೆಂಡ ಇದ್ದಂಗಿದೆ. ಮೊಣಕೈವರೆಗೂ ಸುಡ್ತಾ ಇದೆ. ನೀನು ನೋಡೇ ಇಲ್ವಾ?"

ನಾನು ಮುಟ್ಟಿದೆ. ನನಗೆ ಏನೂ ತಿಳಿಯಲಿಲ್ಲ.

ಮುನಿಯಮ್ಮನ ಮಗನ ಆಟೋದಲ್ಲಿ ಮುಳಬಾಗಿಲಿನ ಆಸ್ಪತ್ರೆಗೆ ಹೋದೆವು. ನಾನು ಜೇಡದ ಲೋಟವನ್ನೂ ಹಿಡಿದುಕೊಂಡಿದ್ದೆ. ಡಾಕ್ಟರು ಅದನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಜ್ವರ ನೂರಾ ಮೂರು.

"ಜೇಡದಿಂದ ಏನೂ ಭಯ ಇಲ್ಲಮ್ಮ. ಗಾಯಕ್ಕೆ ಇನ್ಫೆಕ್ಷನ್ ಆಗಿ ತೋಳಿಗೆ ಏರ್ತಾ ಇದೆ. ಇಂಜೆಕ್ಷನ್‌ಗೆ ಇಳೀದಿದ್ರೆ ಕೈ ಕುಯ್ದು ಕೀವು ತೆಗೀಬೇಕಾಗುತ್ತೆ. ಬೆಳಿಗ್ಗೆಯಿಂದ ಬಿಸಿ ಇದ್ದಿರಬೇಕು. ಯಾಕೆ ಬರ್ಲಿಲ್ಲ?"

ಮಗುವಿಗೆ ಡ್ರಿಪ್ ಹಾಕಿದರು. ನಾನು ಸ್ಟೂಲಿನ ಮೇಲೆ ಕೂತೆ. ಭಯವಾಗಲಿಲ್ಲ, ಅಳುವೂ ಬರಲಿಲ್ಲ. ಹನಿ ಬೀಳುವುದನ್ನು ನೋಡುತ್ತಿದ್ದೆ. ಮುನಿಯಮ್ಮ ಟೀ ತಂದುಕೊಟ್ಟಳು, ಕುಡಿದೆ. ಸಕ್ಕರೆ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಮಂಜುಳ ಕಂಪನಿಯಿಂದ ನೇರ ಅಲ್ಲಿಗೇ ಬಂದಳು. ಮಗಳ ಕೈ ನೋಡಿ, ನನ್ನ ಕಡೆ ತಿರುಗದೆ ಹೇಳಿದಳು:

"ನಿನ್ ಕೈ ನಂಬಿ ಬಿಟ್ಟು ಹೋಗಿದ್ದೆನಲ್ಲಮ್ಮ."

ಅದಕ್ಕೂ ನನಗೆ ಏನೂ ಅನಿಸಲಿಲ್ಲ. ತಲೆ ಆಡಿಸಿದೆ.

ನಾನು ಟೀ ಲೋಟ ಹಿಡಿದಿದ್ದನ್ನು ವಾರ್ಡಿನ ನರ್ಸ್ ಗಮನಿಸಿದ್ದರಂತೆ. ಬೇರೆಯವರು ಸೆರಗಿನಲ್ಲಿ ಹಿಡಿಯುವ ಸ್ಟೀಲ್ ಲೋಟವನ್ನು ನಾನು ಬರಿಗೈಯಲ್ಲಿ ಹಿಡಿದು ಕೂತಿದ್ದೆ. ಹತ್ತಿರ ಬಂದು ಕೇಳಿದರು:

"ಏನು ಕೆಲಸ ಮಾಡ್ತೀರಾ?"

"ರೇಷ್ಮೆ ಬಿಚ್ಚಾಣಿಕೆ. ಇಪ್ಪತ್ತೆರಡು ವರ್ಷ ಆಯ್ತು."

ಅವರು ಎರಡು ಲೋಟ ತಂದರು. ಒಂದರಲ್ಲಿ ನಲ್ಲಿ ನೀರು, ಒಂದರಲ್ಲಿ ಬೆಚ್ಚನೆಯ ನೀರು. ಕಣ್ಣು ಮುಚ್ಚಿಸಿ ಬೆರಳು ಮುಟ್ಟಿಸಿದರು. ಮೂರು ಸಲ ಕೇಳಿದರು, ಮೂರು ಸಲವೂ ಎರಡೂ ಒಂದೇ ಅಂದೆ. ಆಮೇಲೆ ಅದೇ ಲೋಟಗಳನ್ನು ನನ್ನ ಕೆನ್ನೆಗೆ ಮುಟ್ಟಿಸಿದರು. ಆಗ ಬಿಸಿ ಯಾವುದು ಎಂದು ತಿಳಿಯಿತು.

ಮನೆಯಲ್ಲಿ ನಾನು ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದೆ. ನೆಂಟರು ಬಂದರೆ ಅಳಿಯ ಅದನ್ನೇ ಹೇಳಿ ನಗಿಸುತ್ತಿದ್ದ. ನಾನೂ ಅದನ್ನು ಗಟ್ಟಿತನ ಎಂದೇ ತಿಳಿದಿದ್ದೆ.

ಮಂಜುಳ ಎಲ್ಲವನ್ನೂ ನೋಡುತ್ತಾ ನಿಂತಿದ್ದಳು. ಹತ್ತಿರ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. "ನೀನಾದ್ರೂ ಏನ್ ಮಾಡ್ತಿದ್ದೆ" ಅಂದಳು. ಅಷ್ಟೇ.

ಎರಡನೇ ದಿನ ಜ್ವರ ಇಳಿಯಿತು. ಕೈ ಕುಯ್ಯಬೇಕಾಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಗು ಎದ್ದು ದೋಸೆ ಕೇಳಿತು. ಊತ ಇಳಿದಿದೆಯೇ ಎಂದು ನಾನು ಬೆರಳು ಚಾಚಿದವಳು ಹಿಂದಕ್ಕೆಳೆದುಕೊಂಡೆ. ಬಗ್ಗಿ ಅವಳ ಕೈಗೆ ಕೆನ್ನೆ ಇಟ್ಟೆ. ಆಮೇಲೆ ಇನ್ನೊಂದು ಕೈಗೆ.

"ಅಜ್ಜಿ, ಕಚಗುಳಿ ಆಗುತ್ತೆ ಬಿಡು" ಅಂದಳು.

ನಾನು ಬಿಡಲಿಲ್ಲ. ಮೂರು ದಿನ ಬಾರದ ಅಳು ಆಗ ಬಂತು.

ಯೂನಿಟ್ ತೆರೆದ ಮೇಲೆ ಊಟದ ಹೊತ್ತಿಗೆ ಅಲ್ಲಿನ ಹೆಂಗಸರಿಗೆಲ್ಲ ಎರಡು ಲೋಟದ ಪರೀಕ್ಷೆ ಮಾಡಿದೆ. ಒಂಬತ್ತು ಜನರಲ್ಲಿ ಐವರಿಗೆ ತಿಳಿಯಲಿಲ್ಲ. ನನ್ನ ಪಕ್ಕದ ಬೇಸಿನ್ನಿನ ರತ್ನಮ್ಮ ಅಂದಳು, "ಅದಕ್ಕೇ ನೋಡೇ, ನಮ್ಮನೆಯೋರ ಕೈ ಹಿಡಿದ್ರೆ ನಂಗೇನೂ ಆಗಲ್ಲ." ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕಾದ ಮೇಲೆ ತಮ್ಮ ತಮ್ಮ ಕೈ ನೋಡಿಕೊಂಡರು. ಅವರ ಮನೆಗಳಲ್ಲೂ ಮಕ್ಕಳಿದ್ದರು.

ಕೆಲಸ ಏನೇನು ಕಲಿಸಿತು ಎಂದು ನಾನು ಯಾರನ್ನಾದರೂ ಹಿಡಿದು ಕೂರಿಸಿ ಹೇಳಬಲ್ಲೆ. ಕೆಲಸ ನನ್ನಿಂದ ಏನು ತೆಗೆದುಕೊಂಡಿದೆ ಎಂಬುದು ಮಾತ್ರ ಬೇರೆಯವರು ಮುಟ್ಟಿ ಹೇಳುವವರೆಗೆ ನನಗೆ ಗೊತ್ತಿರಲಿಲ್ಲ. ಹುಳ ಕಚ್ಚಿದರೆ ತೊಳೆಯಿರಿ, ತಣ್ಣೀರು ಬಟ್ಟೆ ಹಾಕಿ, ಮುಟ್ಟಿ ನೋಡಿ. ನಿಮ್ಮ ಕೈಯೂ ನನ್ನಂಥ ಕೆಲಸದ ಕೈಯಾಗಿದ್ದರೆ ಪಕ್ಕದ ಮನೆಯವರನ್ನೂ ಕರೆದು ಮುಟ್ಟಿಸಿ. ನಾನಂತೂ ಈಗ ಕೆನ್ನೆಯಿಂದಲೇ ನೋಡುವುದು. ಐದು ವರ್ಷ ಎತ್ತಿ ಆಡಿಸಿದ್ದೆ. ನಮ್ಮ ಮಗು ಇಷ್ಟು ಬೆಚ್ಚಗಿದೆ ಎಂದು ನನಗೆ ತಿಳಿದದ್ದು ಆ ಆಸ್ಪತ್ರೆಯಲ್ಲೇ.