ನಮ್ಮ ಲಾಯರಣ್ಣ ಮೇಯರ್ ಆದದ್ದು

ಕಳೆದ ವಾರ ನಂಜನಗೂಡಿನ ಬ್ಯಾಂಕಿನಲ್ಲಿ ಅಜ್ಜಿಯೊಬ್ಬರ ಹೆಬ್ಬೆರಳನ್ನು ಸ್ಟ್ಯಾಂಪ್ ಪ್ಯಾಡಿಗೆ ಒತ್ತಿಸುತ್ತಿದ್ದರು. ಆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ನಮ್ಮ ಲಾಯರಣ್ಣ ನೆನಪಾದರು. ಮೈಯೆಲ್ಲ ಉರಿಯಿತು.

ಕವಲಂದೆ ಕಡೆಯ ನಮ್ಮ ಕೇರಿಗೆ ಆಗ ಸ್ಮಶಾನದ ವ್ಯಾಜ್ಯ. ತಲೆಮಾರುಗಳಿಂದ ನಾವು ಹೆಣ ಹೂಳುತ್ತಿದ್ದ ಜಾಗಕ್ಕೆ ಪಕ್ಕದ ಜಮೀನಿನವರು ಬೇಲಿ ಹಾಕಿದ್ದರು. ಕೋರ್ಟಿನಲ್ಲಿ ನಮ್ಮ ಪರ ನಿಂತವರು ಲಾಯರಣ್ಣ ಒಬ್ಬರೇ. ಬನ್ನೂರು ಕಡೆಯವರು, ನಮ್ಮ ಜೊತೆ ನಮ್ಮ ಮಾತೇ ಆಡುತ್ತಿದ್ದರು. ವಾಯಿದೆಗೆ ಬರಲು ಜನ ಕೂಲಿ ಬಿಡಬೇಕಲ್ಲ ಎಂದು ಮರುಗಿ, ಅದಕ್ಕೂ ಒಂದು ದಾರಿ ಹುಡುಕಿದರು.

"ಖಾಲಿ ಆಳೆ ಮೇಲೆ ಎಲ್ರದೂ ಎಬ್ಬೆಟ್ಟು ಒತ್ತಿಸ್ಕಂಡು ಬಾರವ್ವ. ಅರ್ಜಿ ನಾನ್ ಬರ್ಕತೀನಿ. ಸುಮ್ಗೆ ಯಾಕ್ ಅಲೀತೀರಿ?"

ಕೇರಿಯಲ್ಲಿ ಹತ್ತನೇ ಕ್ಲಾಸು ಓದಿದ್ದವಳು ನಾನೊಬ್ಬಳೇ. ಪ್ಯಾಡು ಹಿಡಿದು ಮನೆಮನೆ ತಿರುಗಿದೆ. ಮೊದಲು ಅಪ್ಪನದು, ಆಮೇಲೆ ಉಳಿದವರದು. ಏನು ಜಂಭ ನನಗೆ…

ಮುಂದೆ ಅವರು ದೊಡ್ಡ ನಗರ ಸೇರಿ ಕಾರ್ಪೊರೇಟರ್ ಆದರು, ಕೊನೆಗೆ ಮೇಯರ್. ಕೆಂಪು ಗೌನು ತೊಟ್ಟು ಕೂತಿದ್ದನ್ನು ಟಿವಿಯಲ್ಲಿ ನೋಡಿ ಕೇರಿಯೆಲ್ಲ ಸಿಹಿ ಹಂಚಿದೆವು. ಕೇಸು ಏನಾಯಿತೆಂದು ಯಾರೂ ವಿಚಾರಿಸಲಿಲ್ಲ. ನಮ್ಮವರೇ ಅಲ್ಲವೇ, ಹೇಗೆ ಕೇಳುವುದು!

ಒಂದು ಬೆಳಿಗ್ಗೆ ಬೇಲಿಯೊಳಗೆ ಟ್ರ್ಯಾಕ್ಟರ್ ಉಳುತ್ತಿತ್ತು. ಕೋರ್ಟಿಗೆ ಓಡಿದೆವು. ರಾಜಿ ಪತ್ರ ತೋರಿಸಿದರು. ಜಾಗದ ಮೇಲೆ ನಮಗೆ ಹಕ್ಕಿಲ್ಲವೆಂದು ನಾವೇ ಒಪ್ಪಿದ್ದೆವಂತೆ. ಕೆಳಗೆ ಸಾಲಾಗಿ, ನಾನು ಒತ್ತಿಸಿದ ಹೆಬ್ಬೆಟ್ಟುಗಳು. ಲಾಯರಣ್ಣನಿಗೆ ಚುನಾವಣೆಯ ಟಿಕೆಟ್ ಕೊಡಿಸಿದ್ದು ಆ ಜಮೀನಿನವರ ಭಾವನೇ ಎಂದು ಆಮೇಲೆ ತಿಳಿಯಿತು.

ನಗರಕ್ಕೆ ಹೋಗಿ ಮೇಯರ್ ಕೋಣೆಯ ಮುಂದೆ ಇಡೀ ದಿನ ಕಾದೆ. ಹೊರಬಂದವರಿಗೆ ನನ್ನ ಗುರುತು ಸಿಕ್ಕಿತು. "ಹೆಬ್ಬೆಟ್ಟು ನಿಮ್ಮವರದ್ದೇ ಅಲ್ಲವೇನಮ್ಮ?" ಎಂದು ಕಾರು ಹತ್ತಿದರು. ಮಾತು ಈಗ ಬಲು ಶುದ್ಧವಾಗಿತ್ತು.

ಹೋದ ವರ್ಷ ತೀರಿಕೊಂಡರು. ಬಡವರ ವಕೀಲ ಎಂದು ಪೇಪರಿನಲ್ಲಿ ಬಂತು. ಅಂಥವರನ್ನು ಅಷ್ಟೊಂದು ನಂಬಿದ್ದೆನಲ್ಲ ಎಂದು ಅತ್ತೆ.

ಈಗ ಅಪ್ಪನೂ ಇಲ್ಲ. ಹೋದ ತಿಂಗಳು ಅವನ ಹೆಣವನ್ನು ಟೆಂಪೋದಲ್ಲಿ ಹಾಕಿಕೊಂಡು ಟಿ. ನರಸೀಪುರದ ಹತ್ತಿರ ಅಕ್ಕನ ಗಂಡನ ಊರಿಗೆ ಒಯ್ದೆವು. ಗುಂಡಿ ತೋಡುತ್ತಿದ್ದ ಮುದುಕ ಗುದ್ದಲಿ ನಿಲ್ಲಿಸಿ ಕೇಳಿದ:

"ಯಾಕವ್ವ, ನಿಮ್ಮೂರಲ್ಲಿ ಜಾಗ ಇರ್ನಿಲ್ವಾ?"

ಅಕ್ಕ ನನ್ನ ಮುಖ ನೋಡಿದಳು.

"ಇತ್ತು ಕಣಜ್ಜ," ಅಂದೆ. "ನಾನೇ ಕಳೆದ್ಬುಟ್ಟೆ."