ಒಂದು ಫೋನು, ಎರಡು ಹಿಂಡು

"ಅಮ್ಮಾ, ಗೌರಿ ದೊಡ್ಡಮ್ಮಂಗೆ ನಿನ್ನ ಕಂಡ್ರೆ ಆಗಲ್ವಾ? ನೀ ಬರ್ದಿದ್ದೆಲ್ಲಾ ವಾಪಸ್ ಕಳಿಸ್ತಾರಲ್ಲ?"

ಮಗಳು ಚಿನ್ನಿಯ ಪ್ರಶ್ನೆಗೆ ಸ್ನೇಹಲತಾ ನಕ್ಕಳು. "ಆಗ್ದೆ ಇದ್ದೋರು ಅಷ್ಟು ಓದ್ತಾರೇನೇ?"

ಚಿನ್ನಿ ದೊಡ್ಡಮ್ಮ ಎಂದು ಕರೆಯುವ ಮಂಗಳಗೌರಿ ಇರುವುದು ಕಲ್ಯಾಣದುರ್ಗದಲ್ಲಿ, ಗಂಡನ ಬೀಜದಂಗಡಿಯ ಮೇಲಿನ ಮನೆಯಲ್ಲಿ, ಸ್ನೇಹಲತಾ ಹಿಂದೂಪುರದಲ್ಲಿ. ಕುರಿ ಸಾಕುವವರು ಲಸಿಕೆಗೆ ಸರದಿ ಹಿಡಿಯುವ ಆ್ಯಪ್ ಒಂದಕ್ಕೆ ಇಬ್ಬರೂ ಮನೆಯಿಂದಲೇ ದುಡಿಯುತ್ತಾರೆ. ಹೊಸಬರ ಹೆಸರು ನೋಂದಾಯಿಸುವ ಕೋಡ್ ಬರೆಯುವವಳು ಸ್ನೇಹಲತಾ. ಅದನ್ನು ಓದಿ ಒಪ್ಪುವವರು, ಇಲ್ಲವೇ ಹಿಂತಿರುಗಿಸುವವರು ಮಂಗಳಗೌರಿ.

ಅವರು ಕೋಡ್ ಓದುವುದು ಅಕ್ಕಿ ಆರಿಸಿದ ಹಾಗೆ. ಪಾಸ್‌ವರ್ಡನ್ನು ಮರೆಮಾಡದೆ ಉಳಿಸಿಟ್ಟರೆ, "ಬೀಗ ಹಾಕಿ ಬೀಗದಕೈ ಬಾಗಿಲಿಗೇ ನೇತಾಕಿದ್ದೀಯ ಕಣಮ್ಮ" ಎನ್ನುವರು. ಎಷ್ಟೇ ಬೈದರೂ ಮಗು ಉಂಡಿತಾ ಎಂದು ಕೇಳದೆ ಫೋನ್ ಇಡುವವರಲ್ಲ. ಚಿನ್ನಿಗೆ ಜ್ವರ ಬಂದ ವಾರ ಸ್ನೇಹಲತಾಳ ಕೆಲಸವನ್ನೂ ತಾವೇ ಮುಗಿಸಿ, ಯಾರ ಹತ್ತಿರವೂ ಅದರ ಮಾತೆತ್ತಿರಲಿಲ್ಲ.

ಒಂದೇ ಫೋನ್ ನಂಬರಿಗೆ ಇಬ್ಬರು ಸೇರಬಹುದೆಂದು ಸ್ನೇಹಲತಾ ಬರೆದಿದ್ದನ್ನೂ ಹೀಗೇ ಹಿಂತಿರುಗಿಸಿದ್ದರು. "ಒಂದು ನಂಬರಿಗೆ ಒಬ್ರೇ. ಇಲ್ದಿದ್ರೆ ಒಬ್ನೇ ಎರಡು ಸರದಿ ಹೊಡ್ಕೊಂಬುಡ್ತಾನೆ." ಸ್ನೇಹಲತಾ ತಿದ್ದಿದಳು.

ಮೊನ್ನೆ ಕಂಬದೂರಿನಿಂದ ಬೀರಕ್ಕ ಎಂಬಾಕೆ ಸಹಾಯದ ನಂಬರಿಗೆ ಫೋನ್ ಮಾಡಿದಳು. ಫೋನ್ ಎತ್ತಿದ ಮಂಗಳಗೌರಿ ಸ್ನೇಹಲತಾಳನ್ನೂ ಮಾತಿಗೆ ಸೇರಿಸಿಕೊಂಡರು.

"ಈ ನಂಬರು ಆಗ್ಲೇ ಐತೆ ಅಂತದೆ ಕಣಮ್ಮ. ಶುಕ್ರವಾರ ಡಾಕ್ಟ್ರ ಗಾಡಿ ಬತ್ತದೆ, ಹೆಸ್ರು ಬರ್ಸೋಕೆ ಇವತ್ತೇ ಕಡೆ. ನನ್ನ ಮರಿಗೆ ಸೂಜಿ ಬ್ಯಾಡ್ವಾ?"

"ನಿಮ್ಮ ಯಜಮಾನ್ರ ಹೆಸ್ರು ಐತಲ್ಲ ಬೀರಕ್ಕ, ಅದ್ರಲ್ಲೇ ಹಾಕಿಸ್ಬುಡಿ" ಎಂದರು ಮಂಗಳಗೌರಿ.

"ಅವು ಆವಯ್ಯನ ಕುರಿ. ಇವು ನಮ್ಮ ತವರೋರು ಕೊಟ್ಟಿದ್ದು. ಆವಯ್ಯನ ಹೆಸ್ರಿಗೆ ಬರ್ಸಿದ್ರೆ ನಾಳೆ ಆವಯ್ಯನವೇ ಆಗೋಯ್ತವೆ. ಫೋನು ಒಂದೇ ಅಂತ ಮರಿ ಬಿಟ್ಕೊಡಕ್ಕಾಯ್ತದಾ?"

ಮಂಗಳಗೌರಿ ತಾವು ಹಿಂತಿರುಗಿಸಿದ್ದ ಕೋಡನ್ನು ಮತ್ತೆ ತೆರೆದರು. "ಬಿಟ್ಕೊಡಕ್ಕಾಗಲ್ಲ ಬೀರಕ್ಕ. ನಾವು ಸರಿ ಮಾಡ್ತೀವಿ, ಸಾಯಂಕಾಲ ಇನ್ನೊಂದ್ ಸಲ ಫೋನ್ ಮಾಡಿ."

"ಸರಿ ಕಣಮ್ಮ."

ಬೀರಕ್ಕ ಫೋನ್ ಇಟ್ಟ ಮೇಲೆ ಸ್ನೇಹಲತಾ ಬಾಯಿ ತೆರೆಯುವ ಮೊದಲೇ ಮಂಗಳಗೌರಿ, "ತಪ್ಪು ನಂದು ಕಣಮ್ಮ. ನನ್ನ ತವರು ಬ್ರಹ್ಮಸಮುದ್ರದಾಗೆ ನಮ್ಮಮ್ಮಂಗೂ ಬ್ಯಾರೆ ಫೋನಿಲ್ಲ, ಅಪ್ಪಂದೇ; ಎಮ್ಮೆ ಮಾತ್ರ ಅಮ್ಮಂದೇ ಬ್ಯಾರೆ. ಒಳ್ಳೆ ದಡ್ಡಿ ನಾನು" ಎಂದು ನಕ್ಕರು.

ತಿದ್ದುವ ಕೆಲಸವನ್ನು ಸ್ನೇಹಲತಾಳ ತಲೆಗೆ ಕಟ್ಟಲಿಲ್ಲ. ಗಂಡ ಊಟಕ್ಕೆ ಕರೆದರೂ ಏಳದೆ, ಒಂದೇ ನಂಬರಿನಲ್ಲಿ ಮನೆಯ ಇಬ್ಬರು ತಮ್ಮ ತಮ್ಮ ಪಿನ್ ಇಟ್ಟುಕೊಂಡು ಸೇರುವ ಹಾಗೆ ತಾವೇ ಬರೆದರು. ಹೊತ್ತು ಇಳಿಯುವಾಗ ಹಿಂದೂಪುರಕ್ಕೆ ಫೋನ್ ಬಂತು.

"ಸ್ನೇಹಾ, ಕಳಿಸಿದ್ದೀನಿ. ಗಂಡ ಹೆಂಡ್ತಿ ಇಬ್ರೂ ಒಂದೇ ಪಿನ್ ಇಟ್ಕೊಂಡ್ರೆ ಯಾರ ಕುರಿ ಯಾರ್ಗೆ ಹೋಯ್ತದೋ, ಅದೊಂದು ನಂಗೆ ತೋಚ್ತಿಲ್ಲ. ಬೀರಕ್ಕ ಫೋನ್ ಮಾಡೋದ್ರೊಳಗೆ ನೋಡಿಕೊಡು ತಾಯಿ. ದೊಡ್ಡೋಳು ಅಂತ ಸುಮ್ನಾಗ್ಬುಡ್ಬ್ಯಾಡ, ತಪ್ಪಿದ್ರೆ ವಾಪಸ್ ಕಳ್ಸು."